ಎಫ್/1.4 ಅಂದಮಾತ್ರಕ್ಕೆ ಫೋಟೊ ಚೆನ್ನಾಗಿ ಬರುತ್ತದೆಯೇ? ಹಳೆಯ ರೇಂಜ್‌ಫೈಂಡರ್ ಲೆನ್ಸುಗಳ ಬಗ್ಗೆ ಒಂದು ಫಾರ್ವರ್ಡ್, ಅದರ ಅರ್ಧ ಸತ್ಯ

ಮದುವೆ ಸೀಸನ್ನಿಗೆ ಮುಂಚೆ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಂತು. ‘ಜರ್ಮನ್ ಗಾಜಿನ ಎಫ್/1.4 ವೈಡ್ ಲೆನ್ಸ್ ಹಾಕಿದರೆ ರಾತ್ರಿಯೂ ಹಗಲಾಗುತ್ತದೆ. ಫ್ಲ್ಯಾಶ್ ಬೇಡ, ಎಡಿಟಿಂಗ್ ಬೇಡ. ಹಳೆಯ ರೇಂಜ್‌ಫೈಂಡರ್ ಲೆನ್ಸುಗಳ ಮುಂದೆ ಇವತ್ತಿನ ಯಾವ ಲೆನ್ಸೂ ನಿಲ್ಲುವುದಿಲ್ಲ. ಗೊತ್ತಿಲ್ಲದವರಿಗೂ ತಿಳಿಸಿ.’ ಕೆಳಗೆ ಎರಡು ಫೋಟೊ. ಒಂದು ಮಸುಕು, ಇನ್ನೊಂದು ಮಿರಿಮಿರಿ ಮಿಂಚುವಂಥದ್ದು. ಯಾವುದು ಯಾವ ಲೆನ್ಸಿನದು ಎಂದು ಬೇರೆ ಹೇಳಬೇಕಾಗಿಲ್ಲವಲ್ಲ.

ಇಂಥ ಮೆಸೇಜನ್ನು ಸಾಮಾನ್ಯವಾಗಿ ನೋಡಿ ಬಿಟ್ಟುಬಿಡುತ್ತೇನೆ. ಆದರೆ ಮರುದಿನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಹಲವಾಗಲಿನವನು, ಹರಪನಹಳ್ಳಿಯಲ್ಲಿ ಪುಟ್ಟ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಮದುವೆ, ಸೀಮಂತ, ಜಾತ್ರೆ, ಪಾಸ್‌ಪೋರ್ಟ್ ಸೈಜು, ಎಲ್ಲವೂ ಅವನೇ. ‘ಅಕ್ಕಾ, ಒಬ್ರು ಹಳೇ ಲೆನ್ಸು ಮಾರ್ತಾರಂತ. ನನ್ನ ಮಿರರ್‌ಲೆಸ್ ಕ್ಯಾಮೆರಾಕ್ಕ ಅಡಾಪ್ಟರ್ ಹಾಕಿದ್ರ ಕೂಡ್ತೈತಂತ. ಸಂಘದಾಗ ಸಾಲ ಕೇಳೀನಿ. ತಗೊಳ್ಳಲ್ಯಾ, ಬ್ಯಾಡಾ?’ ಅವನು ಹೇಳಿದ ಬೆಲೆ ಎರಡು ಸೀಸನ್ನಿನ ದುಡಿಮೆಗೆ ಸಮ. ನಾನು ಓದಿದ್ದು ಸಂವಹನ, ದೃಗ್ವಿಜ್ಞಾನವಲ್ಲ. ಆದರೂ ಸಾಲದ ಮಾತು ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಓದಿದೆ, ಗೊತ್ತಿರುವವರನ್ನು ಕೇಳಿದೆ. ಕೊನೆಗೆ ಆ ಲೆನ್ಸನ್ನೇ ಎರಡು ದಿನಕ್ಕೆ ಕೇಳಿ ತರಿಸಿಕೊಂಡು ಇಬ್ಬರೂ ಹೊಳೆದಂಡೆಗೆ ಹೋದೆವು.

ಫಾರ್ವರ್ಡ್‌ನಲ್ಲಿ ಸತ್ಯವೂ ಇದೆ. ಎಫ್/1.4 ಲೆನ್ಸು ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಖ್ಯೆ ಹೇಳುವುದು ಬೆಳಕಿನ ಪ್ರಮಾಣವನ್ನು ಮಾತ್ರ, ಚಿತ್ರದ ಗುಣಮಟ್ಟವನ್ನಲ್ಲ. ವೈಡ್ ಲೆನ್ಸಿನಲ್ಲಂತೂ ಆ ಹೆಚ್ಚಿನ ಬೆಳಕಿಗೆ ಫೋಟೊದ ನಾಲ್ಕು ಮೂಲೆಗಳು ಬೆಲೆ ತೆರಬೇಕಾಗುತ್ತದೆ.

ರೇಂಜ್‌ಫೈಂಡರ್‌ನ ಗುಟ್ಟು: ನಡುವೆ ಕನ್ನಡಿ ಇಲ್ಲ

ಸ್ಟುಡಿಯೊಗಳಲ್ಲಿ ಬಹುಕಾಲ ನೋಡಿದ ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಚಿತ್ರ ದಾಖಲಾಗುತ್ತದೆ. ರೇಂಜ್‌ಫೈಂಡರ್‌ನಲ್ಲಿ ಈ ಕನ್ನಡಿಯೇ ಇಲ್ಲ. ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಪಕ್ಕದ ಒಂದು ಸಣ್ಣ ಕಿಟಕಿಯ ಮೂಲಕ. ಅದರೊಳಗೆ ಎದುರಿನ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಕೂತಾಗ ಫೋಕಸ್ ಆಯಿತು ಎಂದರ್ಥ. 1954ರಲ್ಲಿ ಬಂದ ಲೈಕಾ ಎಂ3 ಈ ಜಾತಿಯ ಕ್ಯಾಮೆರಾಗಳಲ್ಲಿ ಬಹಳ ಹೆಸರು ಮಾಡಿದ್ದು.

ಕನ್ನಡಿ ಇಲ್ಲದಿರುವುದರಿಂದ ವೈಡ್ ಲೆನ್ಸಿಗೆ ದೊಡ್ಡ ಲಾಭ. 21 ಮಿ.ಮೀ. ಲೆನ್ಸು ಎಂದರೆ, ಸರಳವಾಗಿ ಹೇಳುವುದಾದರೆ, ಅದರ ದೃಕ್‌ಕೇಂದ್ರ ಫಿಲ್ಮಿನಿಂದ 21 ಮಿ.ಮೀ. ದೂರದಲ್ಲಿರಬೇಕು. ಎಸ್‌ಎಲ್‌ಆರ್‌ನಲ್ಲಿ ಅಷ್ಟು ಹತ್ತಿರಕ್ಕೆ ಗಾಜು ತಂದರೆ ಕನ್ನಡಿಗೆ ಬಡಿಯುತ್ತದೆ. ಹಾಗಾಗಿ ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ‘ರೆಟ್ರೋಫೋಕಸ್’ ಎಂಬ ಬಳಸುದಾರಿ ತಂದರು. ಮುಂದೆ ಬೆಳಕನ್ನು ಚದುರಿಸುವ ಗಾಜು, ಹಿಂದೆ ಕೂಡಿಸುವ ಗಾಜು ಇಟ್ಟು ಲೆನ್ಸನ್ನು ಕನ್ನಡಿಯಿಂದ ದೂರ ನಿಲ್ಲಿಸುವ ಉಪಾಯ ಅದು. ಕೆಲಸವೇನೋ ಆಯಿತು, ಆದರೆ ಲೆನ್ಸು ದಪ್ಪವಾಯಿತು, ಗೆರೆಗಳು ಬಾಗತೊಡಗಿದವು.

ರೇಂಜ್‌ಫೈಂಡರ್ ಲೆನ್ಸು ತಯಾರಿಸುವವರಿಗೆ ಈ ತಲೆನೋವು ಇರಲಿಲ್ಲ. ಝೈಸ್ ಕಂಪನಿಗಾಗಿ ಲುಡ್ವಿಗ್ ಬರ್ಟೆಲೆ ರೂಪಿಸಿದ 21 ಮಿ.ಮೀ. ಬಯೋಗಾನ್ 1954ರಲ್ಲಿ ಬಂತು. ಅದರ ಹಿಂಬದಿ ಗಾಜು ಫಿಲ್ಮನ್ನು ಇನ್ನೇನು ಮುಟ್ಟಿಬಿಡುತ್ತದೆ ಎನ್ನುವಷ್ಟು ಒಳಗೆ ಹೋಗುತ್ತದೆ. ಇಂಥ ಲೆನ್ಸಿನ ಮುಂದಿನ ಅರ್ಧ ಮತ್ತು ಹಿಂದಿನ ಅರ್ಧ ಹೆಚ್ಚುಕಡಿಮೆ ಒಂದಕ್ಕೊಂದು ಪ್ರತಿಬಿಂಬದಂತೆ ಇರುತ್ತವೆ. ಮುಂದಿನ ಅರ್ಧ ಗೆರೆಯನ್ನು ಎಷ್ಟು ಬಾಗಿಸುತ್ತದೋ ಹಿಂದಿನ ಅರ್ಧ ಅಷ್ಟೇ ಆ ಕಡೆಗೆ ಬಾಗಿಸಿ ಸರಿಮಾಡುತ್ತದೆ. ದೇವಸ್ಥಾನದ ಕಂಬ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ. ಹಳೆಯ ರೇಂಜ್‌ಫೈಂಡರ್ ವೈಡ್ ಲೆನ್ಸುಗಳಿಗೆ ಒಳ್ಳೆಯ ಹೆಸರು ಬಂದದ್ದು ಇದರಿಂದ, ಅದು ನ್ಯಾಯವಾಗಿಯೇ ಬಂದ ಹೆಸರು.

ಆದರೆ ಒಂದು ಮಾತು ಫಾರ್ವರ್ಡ್‌ನಲ್ಲಿ ಜಾರಿಹೋಗಿದೆ. ಆ ಬಯೋಗಾನ್ ಎಫ್/4.5 ಲೆನ್ಸು. ಎಫ್/1.4 ಅಲ್ಲ.

ಬಾಗಿಲು ದೊಡ್ಡದಾದರೆ ಬೆಳಕಿನ ಜೊತೆ ಮತ್ತೇನು ಬರುತ್ತದೆ?

ಎಫ್ ಸಂಖ್ಯೆಯ ಲೆಕ್ಕ ಸುಲಭ. ಲೆನ್ಸಿನ ಫೋಕಲ್ ದೂರವನ್ನು ಅದರ ಬಾಯಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 35 ಮಿ.ಮೀ. ಲೆನ್ಸು ಎಫ್/1.4ರಲ್ಲಿ 25 ಮಿ.ಮೀ. ಅಗಲದ ಬಾಯಿ ತೆರೆಯುತ್ತದೆ, ಎಫ್/2.8ರಲ್ಲಿ 12.5 ಮಿ.ಮೀ. ಅಗಲ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಹಾಗಾಗಿ ಬೆಳಕೂ ನಾಲ್ಕು ಪಟ್ಟು. ಎಫ್/2.8ರಲ್ಲಿ ಸೆಕೆಂಡಿನ 15ನೇ ಒಂದು ಭಾಗ ಶಟರ್ ತೆರೆದಿಡಬೇಕಾದ ಕಡೆ ಎಫ್/1.4ರಲ್ಲಿ 60ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ನಡೆಯುವ ಮನುಷ್ಯ ಮಸುಕಾಗುತ್ತಾನೆ, ಎರಡನೆಯದರಲ್ಲಿ ಬಹುತೇಕ ನಿಲ್ಲುತ್ತಾನೆ.

ನಮ್ಮ ಸೀಮೆಯಲ್ಲೇ ನೋಡಿ. ಕೊಟ್ಟೂರಿನ ತೇರು ಎಳೆಯುವುದು ಸಂಜೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವುದೂ ಸಂಜೆಗೇ. ನುಡಿದ ಮರುಕ್ಷಣ ಮೇಲಿಂದ ಬೀಳುತ್ತಾನೆ. ಕೈಯಲ್ಲಿರುವುದು ಆ ಒಂದೇ ಕ್ಷಣ, ‘ಇನ್ನೊಂದ್ಸಲ’ ಎನ್ನುವಂತಿಲ್ಲ. ಇಂಥ ಕಡೆ ನಾಲ್ಕು ಪಟ್ಟು ಬೆಳಕು ಎಂದರೆ ಫೋಟೊ ಸಿಗುವುದಕ್ಕೂ ತಪ್ಪುವುದಕ್ಕೂ ಇರುವ ವ್ಯತ್ಯಾಸ. ವೇಗದ ಲೆನ್ಸು ಬರೀ ಶೋಕಿ ಎಂದು ನಾನು ಹೇಳಲಾರೆ.

ಇನ್ನು ಬೆಲೆಯ ಮಾತು. 1850ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಲುಡ್ವಿಗ್ ಫಾನ್ ಝೈಡೆಲ್ ಮಸೂರಗಳಲ್ಲಿ ಹುಟ್ಟುವ ಮುಖ್ಯ ದೋಷಗಳನ್ನು ಐದಾಗಿ ವಿಂಗಡಿಸಿ, ಅವು ಹೇಗೆ ಬೆಳೆಯುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದರು. ಲೆನ್ಸಿನ ಬಾಯನ್ನು ಎರಡರಷ್ಟು ಅಗಲ ಮಾಡಿದರೆ, ಅಂದರೆ ಎಫ್/2.8ರಿಂದ ಎಫ್/1.4ಕ್ಕೆ ಬಂದರೆ, ಗಾಜಿನ ಅಂಚಿನಲ್ಲಿ ಹಾಯುವ ಕಿರಣಗಳು ನಡುವಿನ ಕಿರಣಗಳ ಜೊತೆ ಒಂದೇ ಬಿಂದುವಿನಲ್ಲಿ ಕೂಡದೆ ಆಗುವ ಮಸುಕು ಎಂಟು ಪಟ್ಟಾಗುತ್ತದೆ. ಚಿತ್ರದ ಅಂಚಿನಲ್ಲಿ ದೀಪದ ಚುಕ್ಕೆಗೆ ಬಾಲ ಬರುವ ‘ಕೋಮಾ’ ಎಂಬ ದೋಷ ನಾಲ್ಕು ಪಟ್ಟು. ಫೋಕಸ್ ಬೀಳುವ ಜಾಗ ಸಪಾಟಾಗಿರದೆ ಬಟ್ಟಲಿನಂತೆ ಬಾಗಿರುವುದರಿಂದ ಆಗುವ ಮಸುಕು ಎರಡು ಪಟ್ಟು. ಗೆರೆ ಬಾಗುವ ದೋಷ ಮಾತ್ರ ಬಾಯಿ ಎಷ್ಟೇ ತೆರೆದರೂ ಇದ್ದಷ್ಟೇ ಇರುತ್ತದೆ.

ಇದು ಅಗಲದ ಕತೆ. ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ಚಿತ್ರದ ನಡುವಿನಿಂದ ದೂರ ಹೋದಂತೆಯೂ ಹೆಚ್ಚುತ್ತವೆ, ಕೆಲವು ದೂರದ ವರ್ಗದಂತೆ, ಕೆಲವು ಘನದಂತೆ. ವೈಡ್ ಲೆನ್ಸು ಎಂದರೆ ನಡುವಿನಿಂದ ಬಹಳ ದೂರದವರೆಗೆ ನೋಡುವ ಲೆನ್ಸು. ವೈಡ್ ಕೂಡ ಆಗಬೇಕು, ವೇಗವೂ ಬೇಕು ಅಂದರೆ ಒಂದೇ ಹೊಲಕ್ಕೆ ಎರಡೂ ಕಡೆಯಿಂದ ಹೊಳೆ ನುಗ್ಗಿದ ಹಾಗೆ.

1960ರ ದಶಕದ ಆರಂಭದಲ್ಲಿ ಲೈಕಾ ಕಂಪನಿ 35 ಮಿ.ಮೀ. ಎಫ್/1.4 ಸುಮ್ಮಿಲಕ್ಸ್ ತಂದಾಗ ತಯಾರಕರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಪೂರ್ತಿ ತೆರೆದಾಗ ದೀಪಗಳ ಸುತ್ತ ಹಾಲು ಚೆಲ್ಲಿದಂಥ ಪ್ರಭೆ ಬರುತ್ತದೆ. ಅದನ್ನು ಇಷ್ಟಪಡುವವರು ಈಗಲೂ ಇದ್ದಾರೆ. 1990ರ ದಶಕದಲ್ಲಿ ಗೋಳಾಕಾರವಲ್ಲದ ಮೈಯಿರುವ ಗಾಜು ಬಳಸಿದ ಹೊಸ ಮಾದರಿ ಬಂದ ಮೇಲೆ ಆ ಪ್ರಭೆ ಬಹುಮಟ್ಟಿಗೆ ಹೋಯಿತು. ಅಂದರೆ ಫಾರ್ವರ್ಡ್ ಹೊಗಳುವ ‘ಹಳೆಯ ಮಾಯೆ’ಯ ಒಂದು ದೊಡ್ಡ ಪಾಲು ತಯಾರಕರೇ ಮೂವತ್ತು ವರ್ಷ ಕಷ್ಟಪಟ್ಟು ತೆಗೆದುಹಾಕಿದ ದೋಷ.

ಆ ಕಾಲಕ್ಕೆ ಅಂಥ ಲೆನ್ಸು ಯಾಕೆ ಬೇಕಿತ್ತು ಎಂಬುದನ್ನೂ ಯೋಚಿಸಬೇಕು. ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿದ್ದ ವೇಗದ ಫಿಲ್ಮು ಎಂದರೆ 400 ಎಎಸ್‌ಎ. ಇವತ್ತಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ 6400 ಐಎಸ್‌ಒ ಇಟ್ಟರೂ ಮದುವೆ ಆಲ್ಬಮ್ಮಿಗೆ ನಡೆಯುವಂಥ ಫೋಟೊ ಬರುತ್ತದೆ. 400ಕ್ಕೂ 6400ಕ್ಕೂ ಹದಿನಾರು ಪಟ್ಟು ಅಂತರ. ಆಗ ಎಫ್/1.4ರಲ್ಲಿ ತೆಗೆಯುತ್ತಿದ್ದ ಫೋಟೊವನ್ನು ಅದೇ ಬೆಳಕಿನಲ್ಲಿ, ಅದೇ ಶಟರ್ ವೇಗದಲ್ಲಿ, ಈಗ ಎಫ್/5.6ರಲ್ಲಿ ತೆಗೆಯಬಹುದು. ಇದನ್ನು ತಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದ. ‘ಹಂಗಾದ್ರ ನನ್ನ ಹತ್ರ ಇರೋ ಲೆನ್ಸೇ ಸಾಕಲ್ಲ’ ಅಂದ. ಆಮೇಲೆ, ‘ಆದ್ರೂ ಒಮ್ಮೆ ನೋಡೂಣು.’

ಹೊಳೆದಂಡೆಯ ಎರಡು ಸಂಜೆ

ಹಲವಾಗಲು ತುಂಗಭದ್ರೆಯ ದಂಡೆಯ ಊರು. ಲೆನ್ಸು ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ನೇರ ಗೆರೆ ಬೇಕೆಂದರೆ ಕಟ್ಟಡದ ಇಟ್ಟಿಗೆ ಗೋಡೆ, ದೀಪದ ಚುಕ್ಕೆ ಬೇಕೆಂದರೆ ಕತ್ತಲಾದ ಮೇಲೆ ಆಚೆ ದಡದ ದೀಪಗಳು. ಲೆನ್ಸಿನ ಹೆಸರು ಹೇಳುವುದಿಲ್ಲ. ಒಂದೇ ಒಂದು ಹಳೆಯ ತುಣುಕು ನೋಡಿ ಕಂಪನಿಯ ಬಗ್ಗೆ ತೀರ್ಪು ಕೊಡಬಾರದು. 35 ಮಿ.ಮೀ., ಎಫ್/1.4, ರೇಂಜ್‌ಫೈಂಡರ್‌ಗೆಂದು ಮಾಡಿದ್ದು, ಇಷ್ಟು ಸಾಕು.

ಎಫ್/1.4ರಲ್ಲಿ ತಮ್ಮನ ಮಗಳ ಮುಖವನ್ನು ನಡುವೆ ಇಟ್ಟು ತೆಗೆದ ಫೋಟೊ ನಿಜಕ್ಕೂ ಚೆಂದ ಬಂತು. ಕಣ್ಣು ಸ್ಪಷ್ಟ, ಕೆನ್ನೆಯ ಮೇಲೆ ಮೆತ್ತನೆಯ ಹೊಳಪು. ಅವನ ಮುಖ ಅರಳಿತು. ಆಮೇಲೆ ಆಚೆ ದಡದ ದೀಪಗಳನ್ನು ಮೂಲೆಗೆ ತಂದು ತೆಗೆದೆವು. ಮೂಲೆಯಲ್ಲಿ ಒಂದು ದೀಪವೂ ಚುಕ್ಕೆಯಾಗಿ ಉಳಿದಿರಲಿಲ್ಲ. ಒಂದೊಂದೂ ರೆಕ್ಕೆ ಬಿಚ್ಚಿದ ಪುಟ್ಟ ಹಕ್ಕಿಯಂತೆ ಕಾಣುತ್ತಿತ್ತು. ಮೇಲೆ ಹೇಳಿದ ಕೋಮಾ ಇದೇ. ಮದುವೆ ಮಂಟಪದ ಸೀರಿಯಲ್ ಲೈಟುಗಳು ಹೀಗಾದರೆ ಗಿರಾಕಿ ಏನೆನ್ನುತ್ತಾನೆ ಎಂದು ಅವನೇ ಕೇಳಿಕೊಂಡ.

ಮರುದಿನ ಗೋಡೆ. ಮೂಲೆಗಳು ಕಪ್ಪಾಗಿದ್ದವು. ಇದಕ್ಕೂ ಒಂದು ಲೆಕ್ಕವಿದೆ. ಓರೆಯಾಗಿ ಬರುವ ಬೆಳಕು ಸಹಜವಾಗಿಯೇ ಕಡಿಮೆ ಬೀಳುತ್ತದೆ, ಆ ಕೋನದ ಕೊಸೈನಿನ ನಾಲ್ಕನೇ ಘಾತದಷ್ಟು. ಸರಳ ವಿನ್ಯಾಸದ 35 ಮಿ.ಮೀ. ಲೆನ್ಸಿನ ಮೂಲೆಗೆ ನಡುವಿನ ಅರ್ಧದಷ್ಟು ಬೆಳಕು, 21 ಮಿ.ಮೀ. ಲೆನ್ಸಿನ ಮೂಲೆಗೆ ಹೆಚ್ಚುಕಡಿಮೆ ಕಾಲು ಭಾಗ. ಪೂರ್ತಿ ತೆರೆದಾಗ ಲೆನ್ಸಿನ ಕೊಳವೆಯ ಅಂಚೇ ಅಡ್ಡ ಬಂದು ಇನ್ನಷ್ಟು ಬೆಳಕನ್ನು ಕತ್ತರಿಸುತ್ತದೆ. ಮೂಲೆಯ ಕತ್ತಲೆಯನ್ನು ಸಾಫ್ಟ್‌ವೇರ್‌ನಲ್ಲಿ ಎತ್ತಬಹುದು, ಆದರೆ ಎತ್ತಿದ ಕಡೆ ಕಾಳುಕಾಳು ಕಾಣುತ್ತದೆ. ಅಂದರೆ ಎಫ್/1.4ರ ಬೆಳಕು ಪೂರ್ತಿ ಸಿಗುವುದು ಚಿತ್ರದ ನಡುವೆ ಮಾತ್ರ.

ಇನ್ನೊಂದು ತೊಡಕು ನನಗೆ ಹೊಸದು. ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಎಫ್/2.8ಕ್ಕೆ ಮುಚ್ಚಿದರೆ ಫೋಕಸ್ ಬಿದ್ದ ಜಾಗವೇ ಸ್ವಲ್ಪ ಹಿಂದಕ್ಕೆ ಸರಿಯುತ್ತಿತ್ತು. ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಬೇರೆ ಬೇರೆ ಕಡೆ ಕೂಡುವ ಲೆನ್ಸಿನಲ್ಲಿ ಬಾಯಿ ಮುಚ್ಚಿದಾಗ ಅಂಚಿನವು ಹೊರಗುಳಿಯುತ್ತವೆ, ನಡುವಿನವು ಮಾತ್ರ ಉಳಿಯುತ್ತವೆ. ಹಾಗಾಗಿ ಕೂಡುವ ಜಾಗ ಬದಲಾಗುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೋಡುವುದು ಬೇರೆ ಕಿಟಕಿಯಿಂದ, ಆದ್ದರಿಂದ ಈ ಸರಿಯುವಿಕೆ ತೆಗೆಯುವವನಿಗೆ ಕಾಣುವುದೇ ಇಲ್ಲ. ಮಿರರ್‌ಲೆಸ್‌ನಲ್ಲಿ ಮುಚ್ಚಿದ ಮೇಲೆ ಫೋಕಸ್ ಮಾಡಿದರೆ ತಪ್ಪಿಸಬಹುದು, ಮುಹೂರ್ತದ ಗದ್ದಲದಲ್ಲಿ ಅದು ನೆನಪಿದ್ದರೆ.

ಫಿಲ್ಮಿಗೆ ಹೊಂದಿದ್ದು ಸೆನ್ಸರಿಗೆ ಹೊಂದುವುದೇ?

ಬಾಯಿ ಮುಚ್ಚಿದರೆ ಎಲ್ಲ ಸರಿಹೋಗಬೇಕಿತ್ತು. ಎಫ್/5.6ರಲ್ಲಿ ನಡು ಭಾಗ ಅಪ್ಪಟ ಚೊಕ್ಕ. ಮೂಲೆಗಳು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಉಳಿದವು. ತಮ್ಮ ಲೆನ್ಸನ್ನು ಬೈದ. ಈ ಸಲ ತಪ್ಪು ಬಹುಮಟ್ಟಿಗೆ ಲೆನ್ಸಿನದಲ್ಲ.

ಲೈಕಾ ಎಂ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಬಳೆಗೂ ಫಿಲ್ಮಿಗೂ ಇರುವ ಅಂತರ 27.8 ಮಿ.ಮೀ. ನಿಕಾನ್ ಎಸ್‌ಎಲ್‌ಆರ್‌ನಲ್ಲಿ 46.5. ಸೋನಿ ಮಿರರ್‌ಲೆಸ್‌ನಲ್ಲಿ ಬರೀ 18. ಈ 18ಕ್ಕೂ 27.8ಕ್ಕೂ ನಡುವಿನ ಜಾಗವನ್ನು ಅಡಾಪ್ಟರ್ ತುಂಬುತ್ತದೆ, ಲೆನ್ಸು ಲಕ್ಷಣವಾಗಿ ಕೂರುತ್ತದೆ. ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. ಹಿಂದಿನ ಗಾಜು ಫಿಲ್ಮಿಗೆ ಹತ್ತಿರವಿದ್ದರೆ ಮೂಲೆಗೆ ಹೋಗುವ ಕಿರಣ ಬಹಳ ಓರೆಯಾಗಿ ಹೋಗುತ್ತದೆ. ಫಿಲ್ಮಿಗೆ ಬೆಳಕು ಯಾವ ಕಡೆಯಿಂದ ಬಂದರೂ ಹೆಚ್ಚು ವ್ಯತ್ಯಾಸವಿಲ್ಲ. ಡಿಜಿಟಲ್ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಸಣ್ಣ ಗುಂಡಿಯಂತೆ, ಅದರ ಮೇಲೊಂದು ಸಾಸಿವೆಗಿಂತ ಎಷ್ಟೋ ಚಿಕ್ಕ ಮಸೂರ, ಬಣ್ಣದ ಫಿಲ್ಟರ್, ಎಲ್ಲದರ ಮೇಲೆ ರಕ್ಷಣೆಗೊಂದು ಗಾಜಿನ ಹಾಳೆ. ಬಾವಿಗೆ ನೆತ್ತಿಯ ಬಿಸಿಲು ತಳ ಮುಟ್ಟುತ್ತದೆ, ಸಂಜೆಯ ಬಿಸಿಲು ಗೋಡೆಗೇ ನಿಲ್ಲುತ್ತದೆ. ಹಾಗೇ ಇಲ್ಲೂ.

ಆ ಗಾಜಿನ ಹಾಳೆ ಅನೇಕ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸುಮಾರು 2 ಮಿ.ಮೀ. ದಪ್ಪ. ಓರೆ ಕಿರಣ ಅದರೊಳಗೆ ವಕ್ರವಾಗಿ, ಹಳೆಯ ಲೆನ್ಸಿನ ಲೆಕ್ಕದಲ್ಲಿ ಇಲ್ಲದ ಜಾಗಕ್ಕೆ ಬೀಳುತ್ತದೆ. ಫಿಲ್ಮಿನ ಕಾಲದ ಲೆನ್ಸು ರೂಪಿಸಿದವರಿಗೆ ನಡುವೆ ಇಂಥದ್ದೊಂದು ಗಾಜು ಬರುತ್ತದೆಂದು ಹೇಗೆ ಗೊತ್ತಾಗಬೇಕು? ಲೈಕಾ ಕಂಪನಿ ತನ್ನ ಡಿಜಿಟಲ್ ಕ್ಯಾಮೆರಾಗಳಲ್ಲಿ ಈ ಹಾಳೆಯನ್ನು ಒಂದು ಮಿ.ಮೀ.ಗಿಂತ ತೆಳ್ಳಗೆ ಇಟ್ಟಿತು, ಅಂಚಿನ ಪಿಕ್ಸೆಲ್ಲುಗಳ ಸಣ್ಣ ಮಸೂರಗಳನ್ನು ನಡುವಿನ ಕಡೆಗೆ ಸರಿಸಿತು. ತೆಳ್ಳಗೆ ಮಾಡಿದ್ದಕ್ಕೂ ದಂಡ ಕಟ್ಟಬೇಕಾಯಿತು. 2006ರ ಲೈಕಾ ಎಂ8ನಲ್ಲಿ ಅವಕೆಂಪು ಕಿರಣಗಳು ಸಾಕಷ್ಟು ತಡೆಯಾಗದೆ ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆ ಬಣ್ಣಕ್ಕೆ ಕಂಡವು. ಕೊಂಡವರಿಗೆ ಕಂಪನಿ ಲೆನ್ಸಿನ ಮುಂದೆ ಹಾಕುವ ಫಿಲ್ಟರುಗಳನ್ನು ಪುಕ್ಕಟೆ ಕೊಟ್ಟಿತು. ಸಾವಿರಾರು ಡಾಲರಿನ ಕ್ಯಾಮೆರಾದಲ್ಲಿ ಕರಿ ಕೋಟು ನೇರಳೆ!

ಹಾಗಾಗಿ ‘ಈ ಲೆನ್ಸು ಚೆನ್ನಾಗಿದೆ’ ಎಂಬ ಮಾತು ಅರ್ಧ ವಾಕ್ಯ. ಯಾವ ಕ್ಯಾಮೆರಾದ ಮೇಲೆ ಎಂದು ಹೇಳಿದಾಗ ಪೂರ್ತಿಯಾಗುತ್ತದೆ. ಅದರ ಹುಟ್ಟೂರಾದ ಫಿಲ್ಮ್ ಕ್ಯಾಮೆರಾದಲ್ಲಿ ನಮ್ಮ ಲೆನ್ಸು ಮೂಲೆಗಳಲ್ಲೂ ಇದಕ್ಕಿಂತ ಚೆನ್ನಾಗಿ ನಡೆದೀತು.

ಬಾಯಿ ಮುಚ್ಚಿ, ಕ್ಯಾಮೆರಾ ಅಲುಗದಂತೆ ಇಟ್ಟು ತೆಗೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಹಳೆಯ ಸಾಕ್ಷಿ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಹಂಪಿಯನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ವಿಧಾನಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಎಫ್/1.4ರ ಕನಸೂ ಇರದ ಕಾಲ. ಆದರೂ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲು ಸಾಧ್ಯವಾಗುವಷ್ಟು ವಿವರ ಅವುಗಳಲ್ಲಿತ್ತು. ಕಲ್ಲಿನ ರಥ ಓಡುವುದಿಲ್ಲ ಎನ್ನುವುದೇನೋ ನಿಜ. ಕೊಟ್ಟೂರಿನ ತೇರು ಓಡುತ್ತದೆ.

ಚಿಗವ್ವ ದಪ್ಪ ಕಂಡದ್ದು ಲೆನ್ಸಿನ ತಪ್ಪಲ್ಲ

ಹೊಳೆದಂಡೆಗೆ ಮನೆಮಂದಿಯೆಲ್ಲ ಬಂದಿದ್ದರಿಂದ ಒಂದು ಗ್ರೂಪ್ ಫೋಟೊ ಆಗಲೇಬೇಕಾಯಿತು. ಕ್ಯಾಮೆರಾ ಚೀಲದೊಳಗೆ ಹೋಗಿತ್ತು, ತಮ್ಮ ಫೋನಿನಲ್ಲಿ ತೆಗೆದ. ಗ್ರೂಪಿಗೆ ಹಾಕಿದ ಐದೇ ನಿಮಿಷಕ್ಕೆ ತುದಿಯಲ್ಲಿ ನಿಂತಿದ್ದ ಚಿಗವ್ವನಿಂದ ದೂರು. ‘ನಾ ಇಷ್ಟ ದಪ್ಪ ಅದೀನೇನೋ?’ ‘ಲೆನ್ಸು ಸರಿ ಇಲ್ಲ’ ಎಂದು ಇನ್ನೊಬ್ಬರ ತೀರ್ಪು.

ಲೆನ್ಸು ಸರಿಯಾಗಿಯೇ ಇತ್ತು. ಗೋಡೆಯ ಗೆರೆಗಳನ್ನು ನೆಟ್ಟಗೆ ಇಡಬೇಕೆಂದರೆ ಅಂಚಿನಲ್ಲಿರುವ ಗುಂಡನೆಯ ವಸ್ತುಗಳು ಹೊರಮುಖವಾಗಿ ಹಿಗ್ಗಲೇಬೇಕು. ಇದು ರೇಖಾಗಣಿತ, ದೋಷವಲ್ಲ. 50 ಮಿ.ಮೀ. ಲೆನ್ಸಿನ ಫೋಟೊದ ಪಕ್ಕದಂಚಿನಲ್ಲಿ ತಲೆ ಸುಮಾರು 6 ಪ್ರತಿಶತ ಅಗಲವಾಗಿ ಕಾಣುತ್ತದೆ, 35 ಮಿ.ಮೀ.ನಲ್ಲಿ 12, 24 ಮಿ.ಮೀ.ನಲ್ಲಿ 25. ಇವತ್ತಿನ ಅನೇಕ ಫೋನುಗಳ ಮುಖ್ಯ ಕ್ಯಾಮೆರಾ ಈ 24 ಮಿ.ಮೀ.ಗೆ ಸಮ. ಲಕ್ಷಾಂತರ ರೂಪಾಯಿಯ ಲೆನ್ಸು ಹಾಕಿದರೂ ಅದೇ 25 ಪ್ರತಿಶತ. ತುದಿಯವರು ಹಿಗ್ಗಿದ್ದಾರೆ ಎಂಬ ಒಂದೇ ಕಾರಣಕ್ಕೆ ‘ಇದು ಎಡಿಟ್ ಮಾಡಿದ ಫೋಟೊ’ ಎನ್ನುವ ಫಾರ್ವರ್ಡ್‌ಗಳನ್ನೂ ನೋಡಿದ್ದೇನೆ. ಅದು ಸಾಕ್ಷಿಯಾಗುವುದಿಲ್ಲ. ಎಡಿಟ್ ನಡೆದರೆ ತಿರುಗುಮುರುಗಾಗಿಯೂ ನಡೆಯಬಹುದು. 2019ರಲ್ಲಿ ಗೂಗಲ್ ಸಂಶೋಧಕರು ಅಂಚಿನ ಮುಖಗಳನ್ನು ಮಾತ್ರ ಗುರುತಿಸಿ ಮೊದಲಿನ ಆಕಾರಕ್ಕೆ ತರುವ, ಹಿನ್ನೆಲೆಯ ಗೆರೆಗಳನ್ನು ಹಾಗೇ ಬಿಡುವ ವಿಧಾನವೊಂದನ್ನು ಪ್ರಕಟಿಸಿದರು.

ಅಂದಹಾಗೆ ಆ ಫೋನಿನ ಮೇಲೂ ಎಫ್/1.8 ಎಂದು ಬರೆದಿತ್ತು. ರೇಂಜ್‌ಫೈಂಡರ್ ವೈಡ್ ಲೆನ್ಸಿನ ನಿಜವಾದ ವಾರಸುದಾರ ನಿಮ್ಮ ಕೈಯಲ್ಲಿರುವ ಫೋನೇ. ಇದರಲ್ಲೂ ಕನ್ನಡಿ ಇಲ್ಲ, ಲೆನ್ಸು ಸೆನ್ಸರಿಗೆ ಅಂಟಿಕೊಂಡಂತಿದೆ, ಓರೆ ಕಿರಣಗಳ ಕಾಟವೂ ಅದೇ. ಮೂಲೆಯ ಕತ್ತಲೆಯನ್ನೂ ಗೆರೆಯ ಬಾಗನ್ನೂ ಸಾಫ್ಟ್‌ವೇರ್ ನಿಮಗೆ ತೋರಿಸುವ ಮೊದಲೇ ತಿದ್ದಿರುತ್ತದೆ, ಅಷ್ಟೇ. ಆದರೆ ಎಫ್/1.8 ಎಂಬ ಸಂಖ್ಯೆಯನ್ನು ದೊಡ್ಡ ಕ್ಯಾಮೆರಾದ ಎಫ್/1.8ಕ್ಕೆ ಹೋಲಿಸಿದರೆ ಮೋಸಹೋಗುತ್ತೀರಿ. ದೊಡ್ಡ ಸೆನ್ಸರಿನ ಫೋನಿನಲ್ಲೂ ನಿಜವಾದ ಫೋಕಲ್ ದೂರ ಸುಮಾರು 7 ಮಿ.ಮೀ., ಹಾಗಾಗಿ ಬಾಯಿ ಸುಮಾರು 4 ಮಿ.ಮೀ. ಅಗಲ. ನಮ್ಮ ಹಳೆಯ ಲೆನ್ಸಿನ ಬಾಯಿ 25 ಮಿ.ಮೀ. ಎಂಬುದನ್ನು ನೆನೆಯಿರಿ. ಸೆನ್ಸರಿನ ವಿಸ್ತೀರ್ಣವೂ ಹತ್ತು-ಹನ್ನೆರಡು ಪಟ್ಟು ಚಿಕ್ಕದು. ಫೋನಿನ ಮೇಲೆ ಲೈಕಾ, ಝೈಸ್ ಎಂಬ ಹೆಸರಿದ್ದರೂ ಈ ಅಳತೆ ಬದಲಾಗುವುದಿಲ್ಲ.

ಚಿಕ್ಕ ಬಾಯಿಗೆ ಒಂದು ಉಪಕಾರವೂ ಇದೆ. 35 ಮಿ.ಮೀ. ಲೆನ್ಸನ್ನು ಎಫ್/1.4ರಲ್ಲಿಟ್ಟು ಮೂರು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 60 ಸೆಂ.ಮೀ. ಮಾತ್ರ. ಕೂತವರು ಸ್ಪಷ್ಟ ಬಂದರೆ ಹಿಂದೆ ಬೆಂಚಿನ ಮೇಲೆ ನಿಂತವರು ಮಸುಕು. ಎಫ್/5.6ರಲ್ಲಿ ಅದೇ ಆಳ ಸುಮಾರು ಮೂರು ಮೀಟರ್. ಫೋನು ಹೆಚ್ಚುಕಡಿಮೆ ಇದರಂತೆಯೇ ವರ್ತಿಸುತ್ತದೆ. ಹಾಗಾಗಿ ನಮ್ಮ ಮೂರು ಸಾಲಿನ ಗ್ರೂಪ್ ಫೋಟೊದಲ್ಲಿ ಎಲ್ಲರ ಮುಖವೂ ಸ್ಪಷ್ಟ ಬಂದಿತ್ತು, ಚಿಗವ್ವನದೂ.

ಫಾರ್ವರ್ಡ್‌ನ ಆ ಎರಡು ಫೋಟೊ

ಮೊದಲು ನೋಡಿದ ಮಿಂಚುವ ಫೋಟೊದ ಮೂಲೆಗಳು ಯಾಕೆ ಕೆಟ್ಟು ಕಾಣಲಿಲ್ಲ? ವಾಟ್ಸಾಪ್ ಸಾಮಾನ್ಯ ಗುಣಮಟ್ಟದಲ್ಲಿ ಫೋಟೊದ ಉದ್ದ ಬದಿಯನ್ನು ಸುಮಾರು 1600 ಪಿಕ್ಸೆಲ್ಲಿಗೆ ಇಳಿಸುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊದ ಉದ್ದ 6000 ಪಿಕ್ಸೆಲ್. ಮೂಲದಲ್ಲಿ ಮೂರು ಪಿಕ್ಸೆಲ್ ಹರಡಿದ ಮಸುಕು ಇಳಿಸಿದ ಮೇಲೆ ಒಂದು ಪಿಕ್ಸೆಲ್ಲೂ ಉಳಿಯುವುದಿಲ್ಲ. 2023ರಲ್ಲಿ ಎಚ್‌ಡಿ ಆಯ್ಕೆ ಬಂದಿದೆ, ಅದೂ ಮೂಲ ಫೈಲಲ್ಲ. ಲೆನ್ಸಿನ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಕೇಳಿ, ಮೂಲೆಯನ್ನು ಹಿಗ್ಗಿಸಿ ನೋಡಿ. ಎರಡು ಫೋಟೊ ಹೋಲಿಸಿದ್ದಾರೆಂದರೆ ಎರಡೂ ಅದೇ ಜಾಗ, ಅದೇ ಬೆಳಕು, ಅದೇ ಎಫ್ ಸಂಖ್ಯೆಯದೇ ಎಂದು ಕೇಳಿ. ನಮ್ಮ ಫಾರ್ವರ್ಡ್‌ನಲ್ಲಿ ಮಸುಕಾದದ್ದು ಕೈ ಅಲುಗಿದ ಫೋಟೊ. ಅದಕ್ಕೂ ಲೆನ್ಸಿಗೂ ಸಂಬಂಧವಿಲ್ಲ.

ಹಳೆಯ ಲೆನ್ಸು ಕೊಳ್ಳುವವರಿಗೆ ಇನ್ನೊಂದು ಮಾತು. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಕಂಡರೆ ಬೂಷ್ಟು, ಹೊಗೆಯಂತೆ ಕಂಡರೆ ಒಳಗಿನ ಗಾಜಿನ ಮೇಲೆ ಕೂತ ಪೊರೆ. ಹೊಳೆದಂಡೆಯ ಊರುಗಳ ತೇವದಲ್ಲಿ, ಬೀರುವಿನೊಳಗೆ ವರ್ಷಗಟ್ಟಲೆ ಚರ್ಮದ ಚೀಲದಲ್ಲಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯುವುದು ಹೊಸದೇನಲ್ಲ. ನಾವು ತಂದ ಲೆನ್ಸಿನ ಅಂಚಿನಲ್ಲೂ ಒಂದು ಸಣ್ಣ ಬಲೆ ಕಂಡಿತು. ಮಾರುವವರು ಅದನ್ನು ಹೇಳಿರಲಿಲ್ಲ.

ತಮ್ಮ ಲೆನ್ಸನ್ನು ವಾಪಸ್ ಕೊಟ್ಟ, ಸಾಲದ ಅರ್ಜಿಯನ್ನೂ ಹಿಂದಕ್ಕೆ ತೆಗೆದುಕೊಂಡ. ಮಗಳ ಆ ಒಂದು ಫೋಟೊ ಮಾತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ಟುಡಿಯೊದ ಗೋಡೆಗೆ ನೇತುಹಾಕಿದ್ದಾನೆ. ಅದು ಯಾವ ಲೆನ್ಸು ಎಂದು ಕೇಳುವ ಗಿರಾಕಿಗಳಿದ್ದಾರಂತೆ. ಗ್ರೂಪ್ ಫೋಟೊಗೆ ಈಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾನೆ, ಚಿಗವ್ವನನ್ನು ನಡುವೆ ಕೂರಿಸುತ್ತಾನೆ, ತುದಿಗಳಿಗೆ ಕಡ್ಡಿಯಂತಿರುವ ಹುಡುಗರನ್ನು ನಿಲ್ಲಿಸುತ್ತಾನೆ.